ಹೊಸ ಕಂಪ್ಯೂಟರಿಗೆ ಬಾರದ ದನಿ

ಅಚ್ಚುಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು 'ಲೇಟೆಸ್ಟು'. ಪುಟ ಜೋಡಿಸುವುದು ಅವನ ಕೆಲಸ. ಪುಸ್ತಕವಿರಲಿ, ಕರಪತ್ರವಿರಲಿ, ಔಷಧಿ ಡಬ್ಬಿಯ ಮೇಲಿನ ಚೀಟಿಯಿರಲಿ, ಅಕ್ಷರಗಳನ್ನು ಅಚ್ಚುಕಟ್ಟಾಗಿ ಅಳತೆಗೆ ಕೂರಿಸಿ ಕೊಡುತ್ತಿದ್ದ. ಕೆಲಸದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರಿನ ವಿಷಯ ಬಂತೋ, ಮನುಷ್ಯ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹೊಸ ಮಾದರಿಯೊಂದು ಬರಲಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮೇಜಿನ ಮೇಲಿದ್ದದ್ದು ಆ ಗಳಿಗೆಗೇ ಅವನ ಕಣ್ಣಿಗೆ ಹಳಸಿಹೋಗುತ್ತಿತ್ತು.

"ಅಲ್ಲಯ್ಯಾ, ಎಲ್ಲಕ್ಕಿಂತ ಹೊಸದು ಅಂತ ಒಂದು ಇದ್ರೆ ತಾನೇ ನೀನು ತರೋದು?" ಎಂದು ಅಚ್ಚುಮನೆಯ ಯಜಮಾನರು ಕೆಣಕುತ್ತಿದ್ದರು. "ನೀನು ಇದರ ಡಬ್ಬ ಬಿಚ್ಚೋ ಹೊತ್ತಿಗೆ ಅವರು ಇನ್ನೊಂದನ್ನ ಡಬ್ಬಕ್ಕೆ ತುಂಬಿರ್ತಾರೆ."

ಅವನೂ ನಗುತ್ತಿದ್ದ. ನಕ್ಕು ಮತ್ತೆ ಹೊಸದನ್ನೇ ತರುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಇಷ್ಟೇ ಆಗಿದ್ದರೆ ನಾವೂ ನಕ್ಕು ಎದ್ದು ಹೋಗಬಹುದಿತ್ತು. ಆದರೆ ಅವನ ಮನೆಯ ಕಂಪ್ಯೂಟರಿನೊಳಗೆ ಅವನ ಹೆಂಡತಿಯ ದನಿ ಇತ್ತು.

ಹೆಂಡತಿಗೆ ಬೀದಿಯವರು ಇಟ್ಟಿದ್ದ ಅಡ್ಡಹೆಸರು 'ರೇಡಿಯೋ'. ಮನೆಯ ಮೆಟ್ಟಿಲಿಳಿಯುವಾಗ ಶುರುವಾದ ಮಾತು ಅಂಗಡಿಗೆ ಹೋಗಿ ಸಾಮಾನು ಕೊಂಡು ವಾಪಸ್ಸು ಬಂದರೂ ಮುಗಿಯುತ್ತಿರಲಿಲ್ಲ. ಅಂಥವಳಿಗೆ, ಮಗಳಿನ್ನೂ ತೊದಲುತ್ತಿದ್ದ ಕಾಲಕ್ಕೆ, ನರಗಳ ಕಾಯಿಲೆ ಬಂತು. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಕಾಲು, ಒಂದೊಂದಾಗಿ ಅವಳ ಮಾತು ಕೇಳುವುದನ್ನು ಬಿಟ್ಟವು. ನಾಲಿಗೆಯೂ ಹೋಗುತ್ತದೆ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಆಗ ಯಾವುದೋ ಸಣ್ಣ ಕಂಪನಿಯವರು ಮನುಷ್ಯರ ದನಿಯನ್ನು ಕಂಪ್ಯೂಟರಿಗೆ ಕಲಿಸಿಕೊಡುತ್ತಾರೆಂದು ತಿಳಿದು ಬಂತು. ಗಂಡಹೆಂಡತಿ ಇಬ್ಬರೂ ಬಟ್ಟೆಯ ಬೀರುವಿನೊಳಗೆ ಮೈಕು ಇಟ್ಟು, ತಲೆ ಮೇಲೆ ಕಂಬಳಿ ಹೊದ್ದುಕೊಂಡು, ಅವರು ಕೊಟ್ಟ ವಾಕ್ಯಗಳನ್ನೆಲ್ಲ ಅವಳ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. "ಜನ ಮನೆಯೊಳಗೆ ಸಂಸಾರ ಮಾಡ್ತಾರೆ, ನಾವು ಬೀರುವಿನೊಳಗೆ ಮಾಡ್ತಿದ್ದೀವಿ ನೋಡ್ರೀ" ಎಂದು ಅವಳು ಕಿಸಕ್ಕನೆ ನಗುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ನೆಗಡಿ. ಹಾಗಾಗಿ ಕಂಪ್ಯೂಟರಿಗೆ ಬಂದ ದನಿಗೂ ನೆಗಡಿಯೇ ಆಯಿತು.

ನಾಲಿಗೆ ಪೂರ್ತಿ ಬಿದ್ದುಹೋದ ಮೇಲೆ ಅವಳು ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದಳು. ಅಲ್ಲಿದ್ದ ಕ್ಯಾಮೆರಾ ಅವಳ ಕಣ್ಣು ಹೋದ ಕಡೆ ಹೋಗಿ ಅಕ್ಷರ ಆರಿಸುತ್ತಿತ್ತು. ಒಂದಿಷ್ಟು ತಡೆದು, ಆ ನೆಗಡಿಯ ದನಿ ಮಾತಾಡುತ್ತಿತ್ತು. ಮಗಳಿಗೆ ಅಮ್ಮನ ದನಿ ಎಂದರೆ ಅದೇ. ಬೇರೆಯದು ಅವಳಿಗೆ ನೆನಪೇ ಇಲ್ಲ. ಆ ಹುಡುಗಿಯನ್ನು ಮನೆಯಲ್ಲಿ 'ಪಟಾಕಿ' ಎನ್ನುತ್ತಿದ್ದರು. ಶಾಲೆಯಿಂದ ಬಂದವಳೇ ಚೀಲ ಎಸೆದು ಅಮ್ಮನ ಮಂಚಕ್ಕೆ ಹಾರುತ್ತಿದ್ದಳು. "ಅಮ್ಮಾ, ಇವತ್ತು ಏನಾಯ್ತು ಗೊತ್ತಾ?" ಎಂದು ಶುರು ಮಾಡಿದರೆ, "ಮೊದ್ಲು ಕಾಲು ತೊಳ್ಕೊಂಡು ಬಾ ಕತ್ತೆ" ಎಂದು ಕಂಪ್ಯೂಟರು ಗದರುತ್ತಿತ್ತು. ಬೈಗುಳ, ಮುದ್ದು, ಮಲಗುವ ಮುಂಚಿನ ಕತೆ, ಎಲ್ಲವೂ ಆ ದನಿಯಲ್ಲೇ ಆಗಬೇಕು.

ಹೀಗಿರುವಾಗ ಹೊಸ ಮಾದರಿಯೊಂದು ಬಂತು. ಕಣ್ಣಿನ ಚಲನೆಯನ್ನು ಇನ್ನೂ ಚುರುಕಾಗಿ ಹಿಡಿಯುತ್ತದಂತೆ. ಎಣಿಸುವುದರೊಳಗೆ ಕೆಲಸ ಮುಗಿಸುತ್ತದಂತೆ. ಹಳೆಯದನ್ನು ಕೊಟ್ಟರೆ ಅಂಗಡಿಯವರೇ ಮನೆಗೆ ಬಂದು ಒಯ್ಯುತ್ತಾರಂತೆ. ಲೇಟೆಸ್ಟಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ನೀನು ಒಂದು ಮಾತಾಡಿದ್ರೆ ಇದು ಎಷ್ಟು ಹೊತ್ತು ತಿಣುಕಾಡುತ್ತೆ ನೋಡು" ಎಂದ ಹೆಂಡತಿಗೆ. "ಹೊಸದಾದ್ರೆ ನೀನು ನೋಡೋದೇ ತಡ, ಮಾತು ಬಂದಿರುತ್ತೆ."

ಅವಳ ಕಣ್ಣು ಪರದೆಯ ಮೇಲೆ ಓಡಾಡಿತು. "ತಡ ಆದ್ರೆ ಆಗ್ಲಿ ಬಿಡ್ರೀ. ನನಗೇನು ಬಸ್ಸು ತಪ್ಪಿಹೋಗುತ್ತಾ?" ಎಂದಿತು ನೆಗಡಿಯ ದನಿ.

ಅವನ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಗಂಡ ತೀರಿಹೋದ ಮೇಲೆ ಅವಳು ಇವರ ಜೊತೆಗೇ ಇದ್ದಳು. ಹಗಲೆಲ್ಲ ತಮ್ಮನ ಹೆಂಡತಿಯ ಆರೈಕೆ ಅವಳದೇ. ಮುಲಾಜಿಲ್ಲದ ಬಾಯಿ.

"ಅವಳು ಬೇಡ ಅಂತಿದ್ದಾಳಲ್ಲೋ. ನಿನಗೆ ಬೇಕು ಅನ್ನು, ಒಪ್ಕೋತೀನಿ."

"ಅವಳಿಗೋಸ್ಕರ ಅಕ್ಕಾ. ನನಗೇನು ಬಂತು ಇದರಿಂದ?"

ಇದೇ ಮಾತನ್ನು ಅವನು ಯಜಮಾನರ ಹತ್ತಿರವೂ ಹೇಳಿದ, ಅಂಗಡಿಯಲ್ಲೂ ಹೇಳಿದ. ಎಷ್ಟು ಜನರಿಗೆ ಹೇಳಿದನೆಂದರೆ, ಕೊನೆಗೆ ಅವನಿಗೇ ಅದು ನಿಜವೆನಿಸಿತು.

ಅಚ್ಚುಮನೆಯಲ್ಲಿ ಒಂದು ಕಟ್ಟಳೆ ಇದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುವ ಜಾಗ ಅದು. ಅಲ್ಲಿಂದ ಹಳೆಯ ಕಂಪ್ಯೂಟರು ಹೊರಗೆ ಹೋಗಬೇಕಾದರೆ, ಒಳಗಿನದನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಆಮೇಲೆ ಹಳೆಯ ಡಿಸ್ಕನ್ನು ಬಿಚ್ಚಿ ಡ್ರಿಲ್ಲಿನಿಂದ ತೂತು ಕೊರೆದೇ ಕಳಿಸಬೇಕು. ಯಾರ ಕೈಗೂ ಏನೂ ಸಿಗಬಾರದು. ಆ ಕೆಲಸ ಯಾವಾಗಲೂ ಲೇಟೆಸ್ಟಿನದೇ. ಮನೆಯಲ್ಲೂ ಅವನು ಹಾಗೆಯೇ ಮಾಡುತ್ತ ಬಂದಿದ್ದ. ಅಂದು ಬೆಳಗ್ಗೆಯೂ ಎಲ್ಲವನ್ನೂ ನಕಲು ಮಾಡಿದ, ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡಿದ, ಡಿಸ್ಕು ಬಿಚ್ಚಿ ತೂತು ಕೊರೆದ. ಅಂಗಡಿಯವರು ಬಂದು ಹಳೆಯದನ್ನು ಎತ್ತಿಕೊಂಡು ಹೋದರು. ಹೊಸದನ್ನು ಹಳೆಯದರ ಜಾಗಕ್ಕೆ ಕೂರಿಸಿ ಹಚ್ಚಿದ. ಪರದೆಯ ಹೊಳಪು ನೋಡಿ, "ನೋಡೇ, ನೋಡೇ" ಎಂದು ಹೆಂಡತಿಯ ಮಂಚವನ್ನು ಎತ್ತರಿಸಿದ. ಆಮೇಲೆ ದನಿಯ ಫೈಲನ್ನು ತೆರೆದ.

'ಈ ಯಂತ್ರದಲ್ಲಿ ಈ ದನಿಯನ್ನು ಬಳಸಲು ಅನುಮತಿ ಇಲ್ಲ' ಎಂದು ಬಂತು.

ಮುಚ್ಚಿ ಮತ್ತೆ ತೆರೆದ. ಅದೇ ಬಂತು. ಆರಿಸಿ ಹಚ್ಚಿದ. ಅದೇ. ದನಿ ಮಾಡಿಕೊಟ್ಟ ಕಂಪನಿಗೆ ಫೋನು ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿಲ್ಲ. ಆ ಕಂಪನಿ ಮುಚ್ಚಿಕೊಂಡು ಹೋಗಿ ಯಾವ ಕಾಲವಾಯಿತೋ. ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಗುರುತಿನ ರಿಪೇರಿಯವನೊಬ್ಬನಿದ್ದ. ಹಳೆಯ ಗೆಳೆಯ. ಓಡಿಬಂದು ನೋಡಿದವನು ತಲೆ ಕೆರೆದುಕೊಂಡ.

"ಫೈಲೆಲ್ಲ ಸರಿಯಾಗಿದೆ ಕಣೋ. ಆದ್ರೆ ಅದಕ್ಕೆ ಬೀಗ ಹಾಕಿದ್ದಾರೆ. ಬೀಗದ ಕೈ ಇರೋದು ಹಳೇ ಕಂಪ್ಯೂಟರಿನ ಬೋರ್ಡಲ್ಲಿ. ಆ ಬೋರ್ಡು ಬಿಟ್ಟು ಬೇರೆ ಕಡೆ ಇದು ಬಾಯಿ ಬಿಡಲ್ಲ. ಹಿಂದಿನ ಸಲ ನೀನು ಬದಲಾಯಿಸಿದಾಗ ಅವರ ಕಂಪನಿ ಇತ್ತು, ಹೊಸ ಕೀ ತಾನಾಗೇ ಬಂತು. ಈಗ ಕೊಡೋರು ಯಾರು?"

"ಈಗ?"

"ಅವಳು ಓದಿದ್ದ ಮೂಲ ರೆಕಾರ್ಡಿಂಗ್ ಇದ್ಯಾ? ಇದ್ರೆ ಬೇರೆ ಯಾರಾದ್ರೂ ಇನ್ನೊಂದು ಸಲ ದನಿ ಕಟ್ಟಬಹುದು."

ಇರಲಿಲ್ಲ. ದನಿ ತಯಾರಾಗಿ ಬಂತಲ್ಲ, ಇನ್ನು ಇದೇಕೆ ಎಂದು ಅದಕ್ಕೂ ಹಿಂದಿನ ಕಂಪ್ಯೂಟರಿನ ಜೊತೆಗೇ ತೂತು ಕೊರೆದು ಮುಗಿಸಿದ್ದ. ಬೀರುವಿನ ಮುಂದೆ ಕೂತು ಓದಿದ್ದೆಲ್ಲ ಆ ತೂತಿನಲ್ಲೇ ಹೋಗಿತ್ತು.

"ಹಾಗಾದ್ರೆ ಆ ಬೋರ್ಡು ತಂದ್ಕೊಡು. ಮಾತಾಡಿಸೋ ಜವಾಬ್ದಾರಿ ನನ್ನದು" ಎಂದ ಗೆಳೆಯ. "ಇವತ್ತೇ ಹೋಗು. ಹಳೇದನ್ನ ಅವರು ಬಹಳ ದಿನ ಇಟ್ಕೊಳಲ್ಲ."

ಹೊಸ ಕಂಪ್ಯೂಟರಿನಲ್ಲಿ ಅದರದೇ ಒಂದು ದನಿ ಇತ್ತು. ತೊಳೆದಿಟ್ಟ ಹಾಗೆ ಸ್ವಚ್ಛ, ನೆಗಡಿ ಇಲ್ಲ, ತಡವರಿಕೆ ಇಲ್ಲ. ಅಲ್ಲಿಯವರೆಗೆ ಇರಲಿ ಎಂದು ಅದನ್ನೇ ಹಚ್ಚಿದ. ಅಷ್ಟರಲ್ಲಿ ಶಾಲೆಯಿಂದ ಬಂದ ಪಟಾಕಿ ಮಂಚಕ್ಕೆ ಹಾರಿದಳು. ಅಮ್ಮನ ಕಣ್ಣು ಪರದೆಯ ಮೇಲೆ ಸರಸರ ಓಡಿತು. "ಮೊದಲು ಕಾಲು ತೊಳೆದುಕೊಂಡು ಬಾ, ಕತ್ತೆ" ಎಂದಳು ಯಾರೋ ಹೆಂಗಸು, ವಾರ್ತೆ ಓದುವವಳ ಹಾಗೆ.

ಪಟಾಕಿ ಮಂಚದಿಂದ ಇಳಿದುಬಿಟ್ಟಳು. "ಯಾರಿದು?"

"ಅಮ್ಮ ಕಣೇ" ಎಂದ ಅಪ್ಪ.

"ಅಲ್ಲ. ನಮ್ಮಮ್ಮ ಎಲ್ಲಿ?" ಅವಳು ಹೊಸ ಪರದೆ ನೋಡಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. ಹಳೆಯ ಡಬ್ಬ ಇರಲಿಲ್ಲ. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀನು ಅಮ್ಮನ್ನ ಹಳೇ ಸಾಮಾನಿಗೆ ಹಾಕ್ಬಿಟ್ಟೆ" ಎಂದು ಕಿರುಚಿದಳು. "ಹೊಸದು ಬೇಕು ಅಂತ ಅಮ್ಮನ್ನ ಕೊಟ್ಬಿಟ್ಟೆ!"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅವಳ ಮೈಯಲ್ಲಿ ಅವಳೇ ತೆಗೆಯಬಹುದಾದ, ಮುಚ್ಚಬಹುದಾದ ಬಾಗಿಲು ಅದೊಂದೇ. ಆ ಸ್ವಚ್ಛ ದನಿಯಲ್ಲಿ ಇನ್ನೊಂದು ಮಾತಾಡಲು ಅವಳು ಒಪ್ಪಲಿಲ್ಲ. ಅವನು ಗೋಗರೆದ, ಕೈ ಹಿಡಿದುಕೊಂಡ, "ಬೇರೆ ದನಿ ಹಾಕ್ಲಾ? ಇದರಲ್ಲಿ ಬೇಕಾದಷ್ಟಿವೆ ಕಣೇ" ಎಂದ. ಅವಳು ಕಣ್ಣು ತೆರೆಯಲಿಲ್ಲ. ಹಾಳಾದವನು, ಆಗಲಾದರೂ ಹೊಸದರ ಹೊಗಳಿಕೆ ಬಿಡಬೇಡವೇ?

ಅವನ ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಕಣ್ಣಿನ ರೆಪ್ಪೆಗಳೂ ಸೋಲುತ್ತಿವೆ, ಇನ್ನು ಹೆಚ್ಚು ಕಾಲ ಇಲ್ಲ ಎಂದು ಕಳೆದ ಸಲ ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು. ಅವಳು ಮಾತಾಡಬಹುದಾದ ದಿನಗಳೇ ಕೊಂಚ. ಆ ಕೊಂಚವನ್ನೂ ಅವನು ತನ್ನ ಕೈಯಾರೆ ಕಸಿದುಕೊಂಡಿದ್ದ.

ಅಂದು ಸಂಜೆ ಓಡಿಹೋಗುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿತ್ತು. ಮರುದಿನ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತ. ಕೌಂಟರಿನ ಹುಡುಗಿ ನಗುಮುಖದಿಂದ ಎಲ್ಲ ಕೇಳಿಸಿಕೊಂಡಳು.

"ಎಕ್ಸ್‌ಚೇಂಜಿಗೆ ಬಂದಿದ್ದೆಲ್ಲ ಅವತ್ತಿನ ಸಂಜೆಯೇ ಗುಜರಿ ಗೋದಾಮಿಗೆ ಹೋಗುತ್ತೆ ಸರ್. ವಾಪಸ್ ಕೊಡೋ ಪದ್ಧತಿ ಇಲ್ಲ."

"ಗೋದಾಮು ಎಲ್ಲಿದೆ ಹೇಳಮ್ಮಾ, ನಾನೇ ಹೋಗ್ತೀನಿ. ನಿನ್ನ ದಮ್ಮಯ್ಯ."

ಅವನ ಮುಖ ನೋಡಿ ಹುಡುಗಿಗೂ ಏನನ್ನಿಸಿತೋ, ದಾರಿ ಹೇಳಿದಳು. ಅವನು ತಿರುಗುವಷ್ಟರಲ್ಲಿ ಬಾಯಿಪಾಠವಾಗಿದ್ದ ಮಾತು ಅವಳ ಬಾಯಿಂದ ತಾನಾಗಿಯೇ ಬಂತು. "ಸರ್, ನೀವು ತಗೊಂಡಿದ್ದಕ್ಕಿಂತ ಹೊಸ ಮಾಡೆಲ್ ಬರ್ತಿದೆ. ಈಗಲೇ ಹೆಸರು ಬರೆಸ್ತೀರಾ?"

ಅವನು ತಂದದ್ದಕ್ಕೆ ಇನ್ನೂ ಧೂಳು ಕೂಡ ಕೂತಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವನು ಹೊರಗೆ ನಡೆದ.

ಗೋದಾಮು ಎಂದರೆ ತಗಡಿನ ಸೂರು, ಸುತ್ತ ಗೋಡೆ, ಒಳಗೆ ಆಳೆತ್ತರಕ್ಕೆ ಒಟ್ಟಿದ್ದ ಕಂಪ್ಯೂಟರು. ಒಂದು ಮೂಲೆಯಲ್ಲಿ ಯಂತ್ರವೊಂದು ಕಟಕಟ ಎಂದು ಏನನ್ನೋ ಅಗಿಯುತ್ತಿತ್ತು. ಗೋದಾಮು ನೋಡಿಕೊಳ್ಳುತ್ತಿದ್ದ ಹೆಂಗಸು ದಪ್ಪ ಕೈಗವಸು ಹಾಕಿಕೊಂಡು ತಂತಿ ಕತ್ತರಿಸುತ್ತಿದ್ದಳು.

"ನಿನ್ನೆವರೆಗೂ ಚೆನ್ನಾಗಿ ಕೆಲಸ ಮಾಡ್ತಿತ್ತಮ್ಮ. ತೀರಾ ಹಳೇದಲ್ಲ. ಬಂದಾಗ ಅದೇ ಲೇಟೆಸ್ಟು" ಎಂದು ಅವನು ಗುರುತು ಹೇಳತೊಡಗಿದ.

"ಇಲ್ಲಿ ಬಿದ್ದಿರೋದೆಲ್ಲ ಬಂದಾಗ ಲೇಟೆಸ್ಟೇ ಸ್ವಾಮಿ" ಎಂದಳು ಅವಳು ಕತ್ತೆತ್ತದೆ. "ಹುಡುಕ್ಕೊಳ್ಳಿ. ಕಾಲ ಮೇಲೆ ಬೀಳಿಸ್ಕೋಬೇಡಿ."

ಅವನು ಹುಡುಕಿದ. ಆ ರಾಶಿಯಲ್ಲಿ ಅವನಿಗೆ ಗುರುತಿಲ್ಲದ ಮಾದರಿಯೇ ಇರಲಿಲ್ಲ. ಇದಕ್ಕಾಗಿ ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದ. ಅದರ ಡಬ್ಬ ಬಿಚ್ಚುವಾಗ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಇಗೋ ಇದು, ಮಗಳು ಮೊದಲ ಹೆಜ್ಜೆ ಇಟ್ಟ ದಿನ ಮನೆಗೆ ಬಂದ ಮಾದರಿಯದೇ. "ರೀ, ನೋಡ್ರೀ, ನಡೀತಿದ್ದಾಳೆ" ಎಂದು ಹೆಂಡತಿ ಕೂಗಿದಾಗ, "ಬಂದೆ ಇರು, ಇದೊಂದು ಹಚ್ಚಿಬಿಡ್ತೀನಿ" ಎಂದಿದ್ದ. ಹಚ್ಚಿ ಬರುವಷ್ಟರಲ್ಲಿ ಮಗು ಕೂತುಬಿಟ್ಟಿತ್ತು. ಅಂದು ಅದು ದೊಡ್ಡದೆನಿಸಿರಲಿಲ್ಲ. ಈಗ ಅದನ್ನು ಮೆಲ್ಲಗೆ ಬದಿಗಿಟ್ಟು ಮುಂದಿನದಕ್ಕೆ ಕೈ ಹಾಕಿದ.

ಅಂತೂ ಇಂತೂ ಸಿಕ್ಕಿತು. ಪಕ್ಕದಲ್ಲಿ ಪಟಾಕಿ ಅಂಟಿಸಿದ್ದ ಮೊಲದ ಚಿತ್ರ ಹಾಗೆಯೇ ಇತ್ತು. ಹೋದ ಜೀವ ಬಂದಂತಾಗಿ ಡಬ್ಬವನ್ನು ಎದೆಗವಚಿಕೊಂಡ. ತೀರಾ ಹಗುರವಾಗಿತ್ತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ, ಬರೀ ತಗಡು.

"ಬೋರ್ಡು? ಇದರ ಬೋರ್ಡೆಲ್ಲಿ?"

"ಬೋರ್ಡನ್ನ ಬೇರೆ ಮಾಡಿ ಪುಡಿ ಮಾಡ್ತೀವಿ. ಅದರಲ್ಲಿ ತಾಮ್ರ ಇರುತ್ತೆ" ಎಂದು ಅವಳು ಆ ಅಗಿಯುವ ಯಂತ್ರದ ಕಡೆ ತೋರಿಸಿದಳು. "ನಿನ್ನೆ ಬಂದಿದ್ದೆಲ್ಲ ಈ ಬೆಳಗ್ಗೆ ಆಯ್ತು."

ಯಂತ್ರದ ಬಾಯಿಯ ಕೆಳಗೆ ಗೋಣಿಚೀಲಗಳಿದ್ದವು. ಅವುಗಳ ತುಂಬ ಹಸಿರು ಚೂರು, ಉಗುರಿನಷ್ಟು ಅಗಲದವು. ಅವನು ಮಂಡಿಯೂರಿ ಮೊಳಕೈವರೆಗೆ ಕೈ ಇಳಿಸಿದ. ಬೊಗಸೆ ಬೊಗಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದ, ಒಂದು ಚೂರಿಗೆ ಇನ್ನೊಂದನ್ನು ಜೋಡಿಸಿ ನೋಡಿದ. ಯಾವುದು ಯಾರದೆಂದು ಗುರುತು ಹಿಡಿಯುವುದು? ಬೆರಳುಗಳು ಕುಯ್ದು ರಕ್ತ ಬಂತು. ಬಿಡಲಿಲ್ಲ.

"ಏಯ್, ಏಳಿ ಮೇಲೆ! ಹುಚ್ಚಾ ನಿಮಗೆ?" ಎಂದು ಹೆಂಗಸು ಓಡಿಬಂದಳು.

"ಇದರಲ್ಲಿ ನನ್ನ ಹೆಂಡತಿ ದನಿ ಇದೆಯಮ್ಮ" ಎಂದು ಅವನು ಅಳತೊಡಗಿದ. ಗಂಡಸು, ತಲೆ ನರೆತವನು, ಗುಜರಿಯ ಮುಂದೆ ಕೂತು ದನಿ ತೆಗೆದು ಅತ್ತ. ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ಯಂತ್ರ ನಿಲ್ಲಿಸಿದಳು, ನೀರು ತಂದು ಅವನ ಕೈ ತೊಳೆದಳು, ಒಂದು ಚಿಂದಿ ಸುತ್ತಿದಳು. "ಮನೆಗೆ ಹೋಗಿ ಸ್ವಾಮಿ" ಎಂದಳು ಮೆತ್ತಗೆ.

ಮನೆಗೆ ಹೋಗುವುದಾದರೂ ಯಾವ ಮುಖ ಹೊತ್ತುಕೊಂಡು? ಬೀದಿ ಬೀದಿ ಅಲೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಬುದ್ಧಿ ಅವನಿಗೆ ಬಂದದ್ದು ಹೀಗೆ. ಬಂದು ಏನು ಮಾಡಬೇಕು? ಒಂದು ಕಡೆ ಗಾಜಿನ ಹಿಂದೆ ಹೊಸ ಕಂಪ್ಯೂಟರುಗಳು ಮಿನುಗುತ್ತಿದ್ದವು. ಅವನು ಮುಖ ತಿರುಗಿಸಿಕೊಂಡ. ಹೊತ್ತು ಇಳಿಯುವಾಗ ಮೆಟ್ಟಿಲು ಹತ್ತಿದ.

ಅಕ್ಕ ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಅವನ ಬರಿಗೈ, ಸುತ್ತಿದ ಚಿಂದಿ ನೋಡಿ, ತೋಳು ಹಿಡಿದು ಒಳಗೆ ಕರೆದುಕೊಂಡಳು. ಒಳಗಿನಿಂದ ಮಗಳ ರಾಗ ಕೇಳುತ್ತಿತ್ತು.

"ಕ ಖ ಗ ಘ ಙ. ಇದರಲ್ಲಿಲ್ವಾ? ಚ ಛ ಜ ಝ ಞ..."

"ಮಗು ಶಾಲೆ ಪಾಠ ಬಾಯಿಪಾಠ ಮಾಡ್ತಾ ಕೂತಿತ್ತು" ಎಂದು ಅಕ್ಕ ಪಿಸುಗುಟ್ಟಿದಳು. "ಹೇಳ್ತಾ ಹೇಳ್ತಾ ಒಂದೊಂದು ಅಕ್ಷರಕ್ಕೆ ಅವಳಮ್ಮ ಕಣ್ಣು ಮುಚ್ಚಿ ತೆಗೀತಾಳೆ ನೋಡು. ಅದು ಬೆಂಕಿಯಂಥ ಹುಡುಗಿ, ಗೊತ್ತು ಮಾಡ್ಕೊಂಡ್ಬಿಡ್ತು. ಮಧ್ಯಾಹ್ನದಿಂದ ಇಬ್ಬರದೂ ಇದೇ."

ಅವನು ಕೋಣೆಯ ಬಾಗಿಲಲ್ಲಿ ನಿಂತ. ಹೊಸ ಕಂಪ್ಯೂಟರಿನ ಪರದೆ ಗೋಡೆಯ ಕಡೆ ತಿರುಗಿತ್ತು. ಪಟಾಕಿ ಅಮ್ಮನ ಎದೆಯ ಹತ್ತಿರ ಕೂತು, ಮುಖಕ್ಕೆ ಮುಖವಿಟ್ಟು, ರೆಪ್ಪೆಯನ್ನೇ ನೋಡುತ್ತಿದ್ದಳು. ಸಾಲು ಹೇಳುವುದು, ರೆಪ್ಪೆ ಮುಚ್ಚಿದಲ್ಲಿ ನಿಲ್ಲುವುದು, ಆ ಅಕ್ಷರದ ಕಾಗುಣಿತ ಶುರು ಮಾಡುವುದು. ಒತ್ತಕ್ಷರ ಅವರಿಗಿನ್ನೂ ಪಾಠವಾಗಿರಲಿಲ್ಲ, ಅದನ್ನು ಊಹೆಯ ಮೇಲೆ ತುಂಬಿಕೊಳ್ಳುತ್ತಿದ್ದಳು. ಒಂದೊಂದು ಅಕ್ಷರಕ್ಕೂ ಅಷ್ಟು ಹೊತ್ತು. ಹೆಂಡತಿಯ ಕಣ್ಣಂಚಿನಲ್ಲಿ ನೀರು ಸೋರುತ್ತಿತ್ತು, ಆಯಾಸಕ್ಕೋ ಏನಕ್ಕೋ. ಆದರೂ ನಿಲ್ಲಿಸಿರಲಿಲ್ಲ.

ಅಪ್ಪನನ್ನು ಕಂಡು ಹುಡುಗಿ ಮುಖ ಊದಿಸಿಕೊಂಡಳು. "ನಿನ್ನ ಹತ್ರ ನಾನು ಮಾತಾಡಬಾರದು ಅಂತಿದ್ದೆ. ಅಮ್ಮ ಬೈದಳು."

"ಏನಂತ ಬೈದಳು?"

"ಅಪ್ಪನ ಮೇಲೆ ಸಿಟ್ಟು ಮಾಡಬೇಡ. ಅಪ್ಪ ಅದನ್ನ ನನಗೋಸ್ಕರ ತಂದದ್ದು." ಕೂಡಿಸಿ ಕೂಡಿಸಿ ಪಡೆದ ಮಾತು, ಒಪ್ಪಿಸುವಂತೆ ಹೇಳಿದಳು. ಆಮೇಲೆ ಅವನ ಮುಖ ನೋಡಿದಳು. "ಹೌದಾ ಅಪ್ಪಾ? ಅಮ್ಮನಿಗೋಸ್ಕರ ತಂದ್ಯಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಂಚದ ಮೇಲಿಂದ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಹೌದು ಎನ್ನುವುದಕ್ಕೆ ಅವರಲ್ಲಿದ್ದ ಸನ್ನೆಯಂತೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆದಳು. ಹೌದು ಅನ್ನಿ, ಅಂದುಬಿಡಿ. ಎಲ್ಲರ ಮುಂದೆ ಅಷ್ಟು ಸಲ ಸಲೀಸಾಗಿ ಹೇಳಿದ್ದ ಮಾತು ಅದು. ಅವನು ಮಂಚದ ಅಂಚಿಗೆ ಬಂದು ಕೂತ.

"ಇಲ್ಲ ಮಗಳೇ" ಎಂದ. "ಅಮ್ಮ ಬೇಡ ಅಂದಿದ್ದಳು. ನನಗೆ ಬೇಕಿತ್ತು. ನನಗೋಸ್ಕರ ತಂದೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಟಾಕಿ ಅಮ್ಮನ ಕಡೆ ತಿರುಗಿದಳು. ಅಮ್ಮನ ರೆಪ್ಪೆ ಬೇಗಬೇಗ ಬಡಿಯುತ್ತಿತ್ತು.

"ಇರಪ್ಪಾ, ಅಮ್ಮ ಏನೋ ಹೇಳ್ತಾಳೆ" ಎಂದು ಹುಡುಗಿ ಮತ್ತೆ ಮುಖಕ್ಕೆ ಮುಖವಿಟ್ಟಳು. "ಕ ಖ ಗ... ಗ? ಗ ಗಾ ಗಿ ಗೀ ಗು ಗೂ ಗೃ ಗೆ ಗೇ ಗೈ ಗೊ... ಗೊ. ಆಮೇಲೆ? ಕ ಖ ಗ ಘ ಙ. ಚ ಛ ಜ ಝ ಞ. ಟ ಠ ಡ ಢ ಣ. ತ... ತ? ತ ತಾ ತಿ ತೀ ತು... ತು."

ಅವಳು ಎರಡನ್ನೂ ಕೂಡಿಸಿ ಒಂದು ಸಲ ತನ್ನಷ್ಟಕ್ಕೆ ಹೇಳಿಕೊಂಡು ನೋಡಿದಳು. ಕಣ್ಣರಳಿತು.

"ಗೊತ್ತು! 'ಗೊತ್ತು' ಅಂತಿದ್ದಾಳೆ." ಅಪ್ಪನ ಕಡೆ ತಿರುಗಿದಳು. "ಏನಪ್ಪಾ ಗೊತ್ತು ಅಮ್ಮನಿಗೆ?"